ಬೇವಿನ ಸೊಪ್ಪು, ಬೆಳ್ಳಿಯ ಕಣ, ನೊಯ್ಯಲಿನ ನೀರು

ಎಳೆಗೂಸಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಮನೆಯಲ್ಲಿ ಯಾರಿಗಾದರೂ ಅಮ್ಮ ಎದ್ದರೆ ಹಾಸಿಗೆಯ ಬಳಿ ಬೇವಿನ ಸೊಪ್ಪು ಇಡುವುದೂ ಅಷ್ಟೇ ಹಳೆಯದು. ಈ ಬೆಳ್ಳಿ ಮತ್ತು ಬೇವು ಒಂದೇ ಪಾತ್ರೆಯಲ್ಲಿ ಕೂಡಿ ಪ್ರಯೋಗಶಾಲೆಯನ್ನು ಹೊಕ್ಕ ವಿಷಯವನ್ನು ಈ ಸಲ ಓದುಗರ ಮುಂದಿಡುತ್ತೇವೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ, ಕೊಯಮತ್ತೂರಿನ ಮಗ್ಗಗಳನ್ನು ನಂಬಿದ ನಮ್ಮ ಕುಟುಂಬಗಳಿಗೆ ಇದು ದೂರದ ಮಾತಲ್ಲ.

ವಿಧಾನ ಸರಳವಾದುದು. ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು 0.17 ಗ್ರಾಂ ಸಿಲ್ವರ್ ನೈಟ್ರೇಟನ್ನು ಕರಗಿಸಿ, ಅದಕ್ಕೆ ಎಲೆಯ ಕಷಾಯವನ್ನು ಬೆರೆಸುತ್ತಾರೆ. ಎಲೆಯ ಒಗರು ಸತ್ತ್ವಗಳು ಕರಗಿದ ಬೆಳ್ಳಿಯನ್ನು ಮರಳಿ ಲೋಹವಾಗಿಸಿ, ಅತಿಸೂಕ್ಷ್ಮ ಕಣಗಳಿಗೆ ಹೊದಿಕೆಯಾಗಿ ನಿಲ್ಲುತ್ತವೆ. ನೀರು ಹಳದಿಗೆ, ಬಳಿಕ ಕಂದಿಗೆ ತಿರುಗುವುದೇ ಕಣಗಳು ಹುಟ್ಟಿದ ಕುರುಹು. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಈ ಕಣಗಳು ನೂರು ನ್ಯಾನೋಮೀಟರಿಗಿಂತ ಕಿರಿದು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು ಬೇವಿನ ಕಷಾಯದಿಂದ ಇಂಥ ಕಣಗಳನ್ನು ಮಾಡಿ 2004ರಲ್ಲಿ ಪ್ರಕಟಿಸಿದರು. ಉಗ್ರ ರಾಸಾಯನಿಕಗಳ ಕೆಲಸವನ್ನು ಎಲೆಯೇ ಮಾಡಿಕೊಡುವುದು ಇದರ ಹೆಚ್ಚುಗಾರಿಕೆ.

ಬೆಳ್ಳಿಯ ರೋಗಾಣುನಾಶಕ ಗುಣ ಹೊಸತಲ್ಲ. 1881ರಲ್ಲಿಯೇ ಜರ್ಮನಿಯ ವೈದ್ಯ ಕ್ರೇಡೆ, ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿ ಕುರುಡುತನವನ್ನು ತಡೆಯುವ ಕ್ರಮವನ್ನು ಸಾರಿದನು. ಸುಟ್ಟ ಗಾಯಕ್ಕೆ ಹಚ್ಚುವ ಬೆಳ್ಳಿಯ ಮುಲಾಮು 1968ರಿಂದ ಬಳಕೆಗೆ ಬಂದಿತು. ಕಣದಿಂದ ಬಿಡುವ ಬೆಳ್ಳಿಯ ಅಯಾನುಗಳು ರೋಗಾಣುವಿನ ಹೊರಪೊರೆಯನ್ನು ಕೆಡಿಸಿ, ಅದರ ಪ್ರೋಟೀನುಗಳನ್ನು ಹಿಡಿದು ನಿಲ್ಲಿಸುತ್ತವೆ. ಆದುದರಿಂದಲೇ ಗಾಯದ ಪಟ್ಟಿ, ಒಳಉಡುಪು, ಕಾಲುಚೀಲಗಳಿಗೆ ಬೆಳ್ಳಿಯ ಲೇಪವನ್ನು ಕೊಡುತ್ತಾರೆ. 1956ರಲ್ಲಿ ಹುಟ್ಟಿದ ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘದಲ್ಲಿ ವೈದ್ಯಕೀಯ ಬಟ್ಟೆಗಳಿಗೆಂದೇ ಒಂದು ಕೇಂದ್ರವಿದೆ.

ಇನ್ನು ಮುಖ್ಯ ಪ್ರಶ್ನೆ: ಬಟ್ಟೆಗೆ ಹತ್ತಿದ ಬೆಳ್ಳಿ ಎಲ್ಲಿಗೆ ಹೋಗುತ್ತದೆ? ಅಮೆರಿಕದ ಅರಿಜೋನಾದ ಸಂಶೋಧಕರು 2008ರಲ್ಲಿ ಅಂಗಡಿಯ ಕಾಲುಚೀಲಗಳನ್ನು ಒಗೆದು ನೋಡಿದಾಗ, ಕೆಲವು ನಾಲ್ಕು ಒಗೆತಗಳೊಳಗೆ ತಮ್ಮ ಬೆಳ್ಳಿಯನ್ನು ಬಹುತೇಕ ಕಳೆದುಕೊಂಡವು. ಬೇರೆ ಕೆಲವು ಅಷ್ಟು ಬಿಡಲಿಲ್ಲ. ಬಿಟ್ಟ ಬೆಳ್ಳಿ ಚರಂಡಿಯ ಪಾಲು. ಕೊಳೆನೀರನ್ನು ಶುದ್ಧಮಾಡುವ ತೊಟ್ಟಿಗಳಲ್ಲಿ ನಮ್ಮ ಪರವಾಗಿ ದುಡಿಯುವವೂ ಸೂಕ್ಷ್ಮಜೀವಿಗಳೇ. ಬೆಳ್ಳಿಗೆ ಒಳ್ಳೆಯದು ಕೆಟ್ಟದು ಎಂಬ ಭೇದವಿಲ್ಲ.

ನೊಯ್ಯಲ್ ನದಿಯ ಕಥೆ ನಮಗೆ ಹೊಸದಾಗಿ ಹೇಳಬೇಕಾದುದಲ್ಲ. ನೀರಾವರಿಗೆಂದು 1992ರಲ್ಲಿ ಮುಗಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಮಡುವಾಯಿತು. ಕೆಳಗಿನ ಹೊಲಗಳು ಕೆಟ್ಟವು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಲು ಆಜ್ಞಾಪಿಸಿತು. ಬಣ್ಣ ಕಣ್ಣಿಗೆ ಕಂಡುದರಿಂದ ಕೂಗು ಎದ್ದಿತು. ಬೆಳ್ಳಿಯ ಕಣ ಕಣ್ಣಿಗೆ ಕಾಣದು.

ಆದುದರಿಂದ ಈ ಉದ್ಯಮದಲ್ಲಿರುವ ನಮ್ಮವರು ಮೂರು ಮಾತು ಕೇಳಿ ತಿಳಿಯಲಿ: ಬಟ್ಟೆಯಲ್ಲಿ ಬೆಳ್ಳಿ ಎಷ್ಟಿದೆ, ಎಷ್ಟು ಒಗೆತ ತಾಳುತ್ತದೆ, ತೊಳೆದ ನೀರು ಎಲ್ಲಿ ಸೇರುತ್ತದೆ? ಎಲೆಯಿಂದ ಮಾಡಿದುದೆಂಬ ಒಂದೇ ಕಾರಣಕ್ಕೆ ವಸ್ತು ನಿರಪಾಯಕರವಾಗದು. ಇದನ್ನು ಮನೆಯಲ್ಲಿ ತಯಾರಿಸಲು ಯಾರೂ ಹೊರಡಬಾರದು, ಔಷಧವೆಂದು ಕುಡಿಯಲೂಬಾರದು. ಬಹುಕಾಲ ಬೆಳ್ಳಿಯನ್ನು ಸೇವಿಸಿದವರ ಚರ್ಮ ನೀಲಿ ಬೂದಿಯ ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿದುದುಂಟು. ಗಾಯಕ್ಕೆ ಬೇಕಾದ ಕಡೆ ಬೆಳ್ಳಿ ಇರಲಿ. ದಿನನಿತ್ಯದ ಬನಿಯನ್ನಿಗೆ ಸಾಬೂನು ಮತ್ತು ಬಿಸಿಲು ಸಾಕೆಂಬುದು ನಮ್ಮ ಅಭಿಪ್ರಾಯ.