ಪೌರಕಾರ್ಮಿಕರನ್ನು ಕೇಳಿದವರು ಯಾರು?

ಪ್ರತಿವರ್ಷ ಸೆಪ್ಟೆಂಬರ್ 23ರಂದು ರಾಜ್ಯದ ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯತ್‌ಗಳಲ್ಲಿ ಪೌರಕಾರ್ಮಿಕರ ದಿನಾಚರಣೆ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಗುಂಪು ಛಾಯಾಚಿತ್ರ. ಪೌರಕಾರ್ಮಿಕರಿಲ್ಲದಿದ್ದರೆ ಊರೇ ಇಲ್ಲ ಎಂಬ ಭಾಷಣ. ಆನಂತರ ಊಟ. ಈ ಸಮಾರಂಭದಲ್ಲಿ ಪೌರಕಾರ್ಮಿಕರ ಕೈಗೆ ಮೈಕು ಬರುವುದು ಅಪರೂಪ. ಗೌರವಿಸುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ವರ್ಷದ ಉಳಿದ ದಿನಗಳಲ್ಲಿ ಒಮ್ಮೆಯಾದರೂ ಅವರನ್ನು ಕೂರಿಸಿಕೊಂಡು, ನಿಮ್ಮ ಕೆಲಸ ಹೇಗೆ ನಡೆಯುತ್ತಿದೆ, ಎಲ್ಲಿ ಅಡ್ಡಿಯಾಗುತ್ತಿದೆ ಎಂದು ಕೇಳಿ ಬರೆದುಕೊಂಡ ಸ್ಥಳೀಯ ಸಂಸ್ಥೆಗಳೆಷ್ಟು?

ಕೇಳುವ ಸಂಪ್ರದಾಯವೇ ನಮ್ಮಲ್ಲಿಲ್ಲ ಎನ್ನಲಾಗದು. 2016ರಿಂದ ಕೇಂದ್ರ ಸರಕಾರ ಸ್ವಚ್ಛ ಸರ್ವೇಕ್ಷಣೆ ನಡೆಸುತ್ತಿದೆ. ಮೊದಲ ವರ್ಷ 73 ನಗರಗಳ ಪೈಕಿ ನಮ್ಮ ಮೈಸೂರು ಪ್ರಥಮ ಸ್ಥಾನ ಪಡೆದಾಗ ಎಲ್ಲರೂ ಹೆಮ್ಮೆಪಟ್ಟೆವು. ಆ ಸಮೀಕ್ಷೆಯಲ್ಲಿ ನಾಗರಿಕರ ಅಭಿಪ್ರಾಯಕ್ಕೆ ಅಂಕಗಳಿವೆ. ಅದಕ್ಕಾಗಿ ಸ್ಥಳೀಯ ಸಂಸ್ಥೆಗಳು ಧ್ವನಿವರ್ಧಕದಲ್ಲಿ ಪ್ರಚಾರ ಮಾಡುತ್ತವೆ, ನಮ್ಮ ಮೊಬೈಲ್‌ಗೆ ಸಂದೇಶ ಕಳುಹಿಸುತ್ತವೆ. ಕಸ ಹಾಕುವವರ ಅಭಿಪ್ರಾಯಕ್ಕೆ ಇಷ್ಟು ಬೆಲೆಯಿರುವಾಗ, ಆ ಕಸವನ್ನು ಎತ್ತುವವರ ಅಭಿಪ್ರಾಯ ಯಾರಿಗೂ ಬೇಡವಾಗಿರುವುದು ವಿಪರ್ಯಾಸವಲ್ಲದೆ ಮತ್ತೇನು?

ಇನ್ನು, ಕೇಳಿ ಸುಮ್ಮನಾದ ಇತಿಹಾಸವೂ ನಮ್ಮ ರಾಜ್ಯಕ್ಕಿದೆ. 1970ರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಅವರ ನೇತೃತ್ವದ ಸಮಿತಿಯು ಪೌರಕಾರ್ಮಿಕರ ಸ್ಥಿತಿಗತಿಯನ್ನು ಅಧ್ಯಯನ ಮಾಡಿ, 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕೆಂದು ಶಿಫಾರಸು ಮಾಡಿತ್ತು. ಸರಕಾರ ಅನಂತರ ಅದನ್ನು 700 ಜನರಿಗೆ ಒಬ್ಬರೆಂದು ಬದಲಾಯಿಸಿತು. ನಡುವೆ ಗುತ್ತಿಗೆ ಪದ್ಧತಿ ಬಂದು ದಶಕಗಳ ಕಾಲ ಬೇರುಬಿಟ್ಟಿತು. 2022ರ ಜುಲೈಯಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕುಳಿತು, ರಸ್ತೆಗಳಲ್ಲಿ ಕಸ ರಾಶಿಬಿದ್ದಾಗಲಷ್ಟೇ ಸರಕಾರ ಎಚ್ಚೆತ್ತಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 11,133 ಮಂದಿಯ ಖಾಯಮಾತಿಗೆ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. 2025ರ ಮೇ 1ರಂದು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ವಿತರಿಸಲಾಯಿತು. ಸಂತೋಷವೇ. ಆದರೆ ಕಸದ ವಾಹನದ ಚಾಲಕರು, ಲೋಡರ್‌ಗಳು, ಒಳಚರಂಡಿ ಕಾರ್ಮಿಕರು, ನೀರು ಬಿಡುವವರು ಇವರೆಲ್ಲರ ಮಾತು ಕೇಳಿಸಬೇಕಾದರೂ ಊರು ನಾರಲೇಬೇಕೇ?

ಅಧಿಕಾರಿಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ‘ನಾವು ಕುಂದುಕೊರತೆ ಸಭೆ ನಡೆಸುತ್ತೇವೆ, ಯಾರೂ ಬಾಯಿ ಬಿಡುವುದಿಲ್ಲ.’ ಹೇಗೆ ಬಿಟ್ಟಾರು? ಹಾಜರಾತಿ ಹಾಕುವ ಮೇಸ್ತ್ರಿ ಪಕ್ಕದಲ್ಲೇ ನಿಂತಿರುತ್ತಾನೆ. ಆರೋಗ್ಯ ನಿರೀಕ್ಷಕರು ಎದುರಿಗಿರುತ್ತಾರೆ. ನಾಳೆ ಯಾವ ಬೀದಿಗೆ ಹಾಕಬೇಕು, ಯಾರ ರಜೆಗೆ ಒಪ್ಪಿಗೆ ಕೊಡಬೇಕು ಎಂಬುದು ಅವರ ಕೈಯಲ್ಲಿದೆ. ಹೊರಗುತ್ತಿಗೆಯವರಿಗಂತೂ ನಾಳೆ ಕೆಲಸವಿರುತ್ತದೆಯೋ ಇಲ್ಲವೋ ಎಂಬುದೇ ಖಾತ್ರಿಯಿಲ್ಲ. ಶೌಚಾಲಯವಿಲ್ಲದೆ ಬೆಳಗಿನಿಂದ ಮಧ್ಯಾಹ್ನದವರೆಗೆ ನೀರನ್ನೇ ಕುಡಿಯದೆ ದುಡಿಯುವ ಹೆಣ್ಣುಮಗಳೊಬ್ಬಳು ಗಂಡಸರೇ ತುಂಬಿದ ಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳಿಯಾಳೇ? ಆ ಮೌನವನ್ನು ತೃಪ್ತಿಯೆಂದು ದಾಖಲಿಸಿಕೊಂಡರೆ ನಾವು ನಮ್ಮನ್ನೇ ವಂಚಿಸಿಕೊಂಡಂತೆ.

ಆದ್ದರಿಂದ ಕೇಳುವ ಕ್ರಮವೇ ಬೇರೆಯಾಗಬೇಕು. ಪ್ರಶ್ನೆ ಕೇಳುವವರು ಪುರಸಭೆಯ ನೌಕರರಾಗಿರಬಾರದು. ಊರಿನ ಕಾಲೇಜಿನ ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು ಈ ಕೆಲಸಕ್ಕೆ ಸಾಕು. ಓದುಬರಹ ಬಾರದವರಿಗೆ ನಮೂನೆ ಹಂಚಿ ಪ್ರಯೋಜನವಿಲ್ಲ. ಬಾಯಿಮಾತಿನಲ್ಲಿ, ಮನೆಮಾತು ತೆಲುಗೋ ತಮಿಳೋ ಆಗಿದ್ದರೆ ಆ ಭಾಷೆಯಲ್ಲೇ ಕೇಳಬೇಕು. ಮಹಿಳೆಯರನ್ನು ಮಹಿಳೆಯರೇ ಮಾತನಾಡಿಸಬೇಕು. ಕೆಲಸದ ಅವಧಿಯಲ್ಲೇ ಇದಕ್ಕೆ ಬಿಡುವು ಕೊಡಬೇಕು. ಹೆಸರು ಬರೆದುಕೊಳ್ಳಬಾರದೆಂದು ಬೇರೆ ಹೇಳಬೇಕಿಲ್ಲ. ಆದರೆ ಹೆಸರು ಬಿಟ್ಟ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ನಲವತ್ತು ಮಂದಿ ದುಡಿಯುವ ಪುರಸಭೆಯಲ್ಲಿ ವಯಸ್ಸು, ವಾರ್ಡು, ಸೇವಾವಧಿ ಈ ಮೂರನ್ನು ಬರೆದರೆ ಸಾಕು, ಮಾತನಾಡಿದವರು ಯಾರೆಂದು ಮೇಸ್ತ್ರಿ ಒಂದು ನಿಮಿಷದಲ್ಲಿ ಹೇಳಬಲ್ಲ.

ಪ್ರಶ್ನೆಗಳೂ ಹಾಗೆಯೇ. ‘ನಿಮಗೆ ಕೆಲಸ ತೃಪ್ತಿ ನೀಡಿದೆಯೇ’ ಎಂದು ಕೇಳಿದರೆ ‘ಹೌದು ಸ್ವಾಮಿ’ ಎಂಬ ಉತ್ತರವಷ್ಟೇ ಸಿಗುತ್ತದೆ. ಕಳೆದ ತಿಂಗಳ ಸಂಬಳ ಯಾವ ತಾರೀಕಿಗೆ ಬಂತು? ಭವಿಷ್ಯನಿಧಿಯ ಹಣ ಖಾತೆಗೆ ಸೇರಿರುವುದನ್ನು ನೋಡಿದ್ದೀರಾ? ಕೈಗವಸು ಕೊನೆಯದಾಗಿ ಕೊಟ್ಟದ್ದು ಯಾವಾಗ, ಅದು ಎಷ್ಟು ದಿನ ಬಾಳಿತು? ಕೆಲಸದ ನಡುವೆ ಕೂರಲು, ನೀರು ಕುಡಿಯಲು, ಶೌಚಕ್ಕೆ ಹೋಗಲು ಜಾಗವೆಲ್ಲಿದೆ? ಚರಂಡಿಗೆ ಇಳಿಯಲು ಯಾರಾದರೂ ಹೇಳಿದರೇ? ಈ ಕೊನೆಯ ಪ್ರಶ್ನೆ ಅತ್ಯಂತ ಮುಖ್ಯವಾದುದು. ಮಲ ಹೊರುವ ಪದ್ಧತಿಯನ್ನೂ ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ಸಾವಿನ ಅನಂತರ ತನಿಖೆ ಮಾಡುವ ಬದಲು ಮೊದಲೇ ಕೇಳಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೋ!

ಕೇಳಿದ ಮೇಲಿನ ಹೊಣೆ ಇನ್ನೂ ದೊಡ್ಡದು. ಕೇಳಿ ಏನೂ ಮಾಡದಿದ್ದರೆ ಕೇಳದಿರುವುದಕ್ಕಿಂತ ಹೆಚ್ಚಿನ ಕೆಡುಕಾಗುತ್ತದೆ. ಮುಂದಿನ ಸಲ ಯಾರೂ ಬಾಯಿ ತೆರೆಯುವುದಿಲ್ಲ. ಬಂದ ಉತ್ತರಗಳ ಸಾರಾಂಶವನ್ನು ಒಂದು ತಿಂಗಳೊಳಗೆ ಪುರಸಭೆಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು ಮತ್ತು ಹಾಜರಾತಿ ಹಾಕುವ ಜಾಗದಲ್ಲೇ ಪೌರಕಾರ್ಮಿಕರಿಗೆ ಓದಿ ಹೇಳಬೇಕು. ಹೊಸ ಹುದ್ದೆ, ಖಾಯಮಾತಿ ಮೊದಲಾದವು ಸರಕಾರದ ಮಟ್ಟದಲ್ಲೇ ತೀರ್ಮಾನವಾಗಬೇಕು ಎಂಬುದು ನಿಜ. ಅವನ್ನು ಪೌರಾಡಳಿತ ನಿರ್ದೇಶನಾಲಯಕ್ಕೆ ಬರೆದು, ಬರೆದ ದಿನಾಂಕವನ್ನೂ ಬಂದ ಉತ್ತರವನ್ನೂ ಕಾರ್ಮಿಕರಿಗೆ ತಿಳಿಸಲಿ. ಆದರೆ ‘ಬೆಂಗಳೂರಿನಿಂದ ಆದೇಶ ಬರಬೇಕು’ ಎಂಬ ಮಾತು ಕುಡಿಯುವ ನೀರಿಗೂ ಕೈಗವಸಿಗೂ ಅನ್ವಯಿಸದು. ಒಂದು ಕೊಠಡಿ, ಒಂದು ಶೌಚಾಲಯ, ಸೋಪು, ಸಂಬಳದ ಚೀಟಿ ಇವುಗಳನ್ನು ಒದಗಿಸಲು ಯಾವ ಸಚಿವ ಸಂಪುಟದ ಒಪ್ಪಿಗೆಯೂ ಬೇಕಾಗಿಲ್ಲ. ಆರು ತಿಂಗಳ ಬಳಿಕ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿದರೆ ಏನು ಬದಲಾಗಿದೆ, ಏನು ಬದಲಾಗಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ನಮ್ಮ ಪಾತ್ರವೂ ಇಲ್ಲಿದೆ. ಒಂದು ದಿನ ಕಸದ ಗಾಡಿ ಬಾರದಿದ್ದರೆ ವಾರ್ಡಿನ ಸದಸ್ಯರಿಗೆ ಫೋನ್ ಮಾಡುವ ನಾವು, ಅದನ್ನು ಎಳೆದು ತರುವವರಿಗೆ ಸಂಬಳ ಬಂದಿದೆಯೇ ಎಂದು ಅದೇ ಸದಸ್ಯರನ್ನು ಕೇಳಿದ್ದುಂಟೇ? ಒಡೆದ ಗಾಜನ್ನು ಕಾಗದದಲ್ಲಿ ಸುತ್ತದೆ ಹಸಿ ಕಸದೊಡನೆ ಎಸೆಯುವ ಕೈಗಳೂ ನಮ್ಮವೇ. ಸಮೀಕ್ಷೆ ನಡೆದರೆ ಆ ದೂರೂ ಪಟ್ಟಿಯಲ್ಲಿರುತ್ತದೆ, ಇರಲಿ. ನಗರಸಭೆ, ಪುರಸಭೆಗಳ ಸದಸ್ಯರಲ್ಲಿ ನಮ್ಮ ಓದುಗರೂ, ಓದುಗರ ಬಂಧುಗಳೂ ಇದ್ದಾರೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಅವರು ಪ್ರಸ್ತಾಪಿಸಬಹುದು. ಚುನಾಯಿತ ಮಂಡಳಿ ಇಲ್ಲದ ಊರುಗಳಲ್ಲಿ ಆಡಳಿತಾಧಿಕಾರಿಗೆ ಬಡಾವಣೆಯ ಹತ್ತು ಮಂದಿ ಸಹಿ ಹಾಕಿ ಮನವಿ ಕೊಡಬಹುದು. ಮುಂದಿನ ಸೆಪ್ಟೆಂಬರ್ 23ರ ವೇದಿಕೆಯಲ್ಲಿ ಭಾಷಣಕ್ಕೆ ಮೊದಲು ಆ ಸಮೀಕ್ಷೆಯ ಉತ್ತರಗಳನ್ನೂ, ಅವುಗಳ ಮೇಲೆ ಕೈಗೊಂಡ ಕ್ರಮಗಳನ್ನೂ ಮುಖ್ಯಾಧಿಕಾರಿಯವರೇ ಓದಲಿ.