ಕತ್ತಲೆಯ ಲೆಕ್ಕದಲ್ಲಿ ಬರೆಯದ ಖರ್ಚು

2025ರ ಮೇ 7ರಂದು ದೇಶದ 244 ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಅಭ್ಯಾಸ ನಡೆಸುವಂತೆ ಕೇಂದ್ರ ಸರಕಾರವು ಆದೇಶಿಸಿತು. ಕರ್ನಾಟಕದ ಮಟ್ಟಿಗೆ ಬೆಂಗಳೂರು, ಕಾರವಾರ, ರಾಯಚೂರುಗಳ ಹೆಸರು ಆ ಪಟ್ಟಿಯಲ್ಲಿದ್ದವು. ನಮಗೆ ಅದು ಅಭ್ಯಾಸ. ಅದೇ ವಾರ ಜಮ್ಮು, ಅಮೃತಸರ, ಜೈಸಲ್ಮೇರ್, ಭುಜ್ ಪಟ್ಟಣಗಳವರು ನಿಜವಾಗಿಯೇ ದೀಪ ಆರಿಸಿ ರಾತ್ರಿಗಳನ್ನು ಕಳೆದರು. ಅಂದಿನಿಂದ ನಮ್ಮ ಸಭೆ-ಸಮಾರಂಭಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಜನರು ಐದು ವರ್ಷ ಬೀದಿದೀಪವಿಲ್ಲದೆ ಬದುಕಿದರಂತೆ, ಒಬ್ಬರೂ ಗೊಣಗಲಿಲ್ಲವಂತೆ, ಆ ಕತ್ತಲೆಯಲ್ಲಿ ಬಡವ-ಬಲ್ಲಿದರೆಂಬ ಭೇದವೇ ಅಳಿದುಹೋಯಿತಂತೆ, ಅಂತಹ ಶಿಸ್ತು ನಮ್ಮವರಿಗೂ ಬರಬೇಕಂತೆ. ಕೇಳಲು ಇಂಪಾದ ಮಾತು. ಕೈ ಚಪ್ಪಾಳೆಯೂ ಧಾರಾಳವಾಗಿ ಬೀಳುತ್ತದೆ.

ಆದರೆ ಇದು ಜಮೆಯ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಖಾತೆ. ನಲವತ್ತು ವರ್ಷ ಅಂಗಡಿಯ ಖಾತೆಪುಸ್ತಕಗಳ ನಡುವೆ ಕುಳಿತ ನನಗೆ ಇಂತಹ ಪುಟವನ್ನು ಕಂಡರೆ ಮೊದಲು ಸಂಶಯವೇ ಹುಟ್ಟುತ್ತದೆ. ಯುದ್ಧಕಾಲದಲ್ಲಿ ದೀಪ ಆರಿಸಬಾರದೆಂದು ನಾನು ವಾದಿಸುತ್ತಿಲ್ಲ. ಆಡಳಿತದ ಆಜ್ಞೆಯಾದರೆ ಆರಿಸತಕ್ಕದ್ದೇ. ನನ್ನ ವಿರೋಧವಿರುವುದು ಕತ್ತಲೆಯನ್ನು ಒಂದು ಗುಣವೆಂದು ಹಾಡಿ ಹೊಗಳುವುದಕ್ಕೆ. ಅದರ ಬೆಲೆಯನ್ನು ಯಾರು ತೆತ್ತರು, ತೆತ್ತವರಿಗೆ ಆಜ್ಞೆ ಹೊರಡಿಸಿದವರು ಏನು ಉತ್ತರ ಕೊಟ್ಟರು ಎಂಬುದನ್ನು ಕೇಳದಿರುವುದಕ್ಕೆ.

ಬ್ರಿಟನ್ನಿನಲ್ಲಿ ಬ್ಲ್ಯಾಕ್‌ಔಟ್ ಜಾರಿಗೆ ಬಂದದ್ದು 1939ರ ಸೆಪ್ಟೆಂಬರ್ 1ರಂದು, ಯುದ್ಧ ಘೋಷಣೆಗೆ ಎರಡು ದಿನ ಮೊದಲು. ಬೀದಿದೀಪಗಳೆಲ್ಲ ಆರಿದವು. ಪ್ರತಿ ಮನೆಯವರೂ ಸಂಜೆಯಾಗುತ್ತಲೇ ಕಿಟಕಿ-ಬಾಗಿಲುಗಳ ಒಂದೊಂದು ಸಂದನ್ನೂ ಕಪ್ಪು ಬಟ್ಟೆಯಿಂದಲೋ ದಪ್ಪ ಕಾಗದದಿಂದಲೋ ಮುಚ್ಚಬೇಕಾಗಿತ್ತು. ಅನುಕೂಲಸ್ಥರ ಮನೆಗಳಲ್ಲಿ ದಪ್ಪನೆಯ ಪರದೆಗಳು ಮೊದಲೇ ಇದ್ದವು. ಕೆಳವರ್ಗದ ಗೃಹಿಣಿಯು ಗಜದ ಲೆಕ್ಕದಲ್ಲಿ ಕಪ್ಪು ಬಟ್ಟೆ ಕೊಂಡು, ಹೊಲಿದು, ದಿನವೂ ತೂಗಹಾಕಿ, ಬೆಳಗ್ಗೆ ತೆಗೆಯಬೇಕು. ಗಾಳಿಯಾಡದ ಕೋಣೆಯಲ್ಲಿ ರಾತ್ರಿಯೆಲ್ಲ ಮಕ್ಕಳೊಡನೆ ಉಸಿರುಗಟ್ಟಿ ಮಲಗಬೇಕು. ಕಾರ್ಖಾನೆಗಳ ಗಾಜಿನ ಸೂರಿಗೆ ಕಪ್ಪು ಬಣ್ಣ ಬಳಿದದ್ದರಿಂದ ಕೆಲಸಗಾರರಿಗೆ ಹಗಲೂ ರಾತ್ರಿಯಾಯಿತು. ಬೆಳಕಿನ ಒಂದು ಗೀಟು ಹೊರಗೆ ಸೋರಿದರೂ ವಾರ್ಡನ್ ಬಂದು ಬಾಗಿಲು ಬಡಿಯುತ್ತಿದ್ದ. 1940ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಜನರು ಈ ಅಪರಾಧಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಯಾರೂ ಗೊಣಗಲಿಲ್ಲ, ಎಲ್ಲರೂ ಸ್ವಸಂತೋಷದಿಂದ ಪಾಲಿಸಿದರು ಎಂಬ ಕಥೆಗೂ ಈ ಸಂಖ್ಯೆಗೂ ಹೇಗೆ ತಾಳೆ ಹಾಕುವುದೋ ನನಗೆ ತಿಳಿಯದು.

ಇನ್ನು ರಸ್ತೆಯ ಲೆಕ್ಕ. ಬ್ಲ್ಯಾಕ್‌ಔಟಿನ ಮೊದಲ ತಿಂಗಳಲ್ಲೇ ರಸ್ತೆ ಅಪಘಾತದಲ್ಲಿ ಸತ್ತವರ ಸಂಖ್ಯೆ ಹಿಂದಿನ ವರ್ಷದ ಸೆಪ್ಟೆಂಬರಿಗಿಂತ ಸುಮಾರು ಇಮ್ಮಡಿಯಾಯಿತು. 1938ರಲ್ಲಿ ಇಡೀ ವರ್ಷಕ್ಕೆ 6,600ರಷ್ಟಿದ್ದ ರಸ್ತೆ ಸಾವುಗಳು 1940ರಲ್ಲಿ 8,600ನ್ನು ದಾಟಿದವು. 1941ರಲ್ಲಿ 9 ಸಾವಿರವನ್ನೂ ಮೀರಿದವು. ಪೆಟ್ರೋಲಿಗೆ ಪಡಿತರ ಬಂದು ವಾಹನಗಳು ಕಡಿಮೆಯಾದ ಕಾಲ ಅದು ಎಂಬುದನ್ನು ಮರೆಯಬಾರದು. ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. 1939ರ ಆ ನಾಲ್ಕು ತಿಂಗಳಲ್ಲಿ ಶತ್ರುವಿಮಾನದ ಬಾಂಬಿನಿಂದ ಬ್ರಿಟನ್ನಿನ ನೆಲದ ಮೇಲೆ ಒಬ್ಬ ನಾಗರಿಕನೂ ಸತ್ತಿರಲಿಲ್ಲ. ಅಂತಹ ಮೊದಲ ಸಾವು ಸಂಭವಿಸಿದ್ದು 1940ರ ಮಾರ್ಚಿನಲ್ಲಿ, ಉತ್ತರದ ಆರ್ಕ್ನಿ ದ್ವೀಪದಲ್ಲಿ. ಅರಸನ ಶಸ್ತ್ರವೈದ್ಯರಾಗಿದ್ದ ವಿಲ್ಫ್ರೆಡ್ ಟ್ರಾಟರ್ ಅವರು 1939ರಲ್ಲಿಯೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದನ್ನು ಕಟುವಾಗಿ ಆಡಿದ್ದರು: ಜರ್ಮನ್ ವಾಯುಪಡೆಯು ಆಕಾಶಕ್ಕೆ ಏರುವ ಶ್ರಮವನ್ನೇ ತೆಗೆದುಕೊಳ್ಳದೆ, ಬರಿಯ ಹೆದರಿಕೆಯಿಂದ, ತಿಂಗಳಿಗೆ ನೂರಾರು ಜನರನ್ನು ಕೊಲ್ಲುತ್ತಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಅವರು ಯಾವ ಶತ್ರುಪಕ್ಷದವರೂ ಆಗಿರಲಿಲ್ಲ. ಗಾಯಾಳುಗಳನ್ನು ಕಂಡ ವೈದ್ಯರಾಗಿದ್ದರು.

ಸತ್ತವರ ಹಿಂದೆ ಗಾಯಗೊಂಡವರ ದೊಡ್ಡ ಸಾಲೇ ಇದೆ. 1940ರ ಜನವರಿಯಲ್ಲಿ ಗ್ಯಾಲಪ್ ಸಂಸ್ಥೆಯು ಜನಾಭಿಪ್ರಾಯ ಕೇಳಿದಾಗ ಸುಮಾರು ಐವರಲ್ಲಿ ಒಬ್ಬರು, ಕತ್ತಲೆಯ ಕಾರಣದಿಂದ ತಮಗೆ ಏನಾದರೊಂದು ಪೆಟ್ಟಾಗಿದೆಯೆಂದರು. ಕಂಬಕ್ಕೆ ತಲೆ ತಾಗಿದವರು, ರೈಲಿನಿಂದ ತಪ್ಪು ಬದಿಗೆ ಇಳಿದವರು, ಪ್ಲಾಟ್‌ಫಾರಂ ಇನ್ನೂ ಇದೆಯೆಂದು ಕಾಲಿಟ್ಟು ಹಳಿಯ ಮೇಲೆ ಬಿದ್ದವರು. ರಾತ್ರಿ ನಡೆಯುವ ಗಂಡಸರು ಅಂಗಿಯ ತುದಿಯನ್ನು ಹೊರಗೆ ಬಿಟ್ಟುಕೊಂಡು ನಡೆಯುವುದು ಒಳ್ಳೆಯದೆಂದು ಸಲಹೆ ಹೊರಟಿತು. ಬಿಳಿ ಬಣ್ಣ ಎದ್ದು ಕಾಣಲೆಂದು. ರಸ್ತೆಯ ಅಂಚುಕಲ್ಲುಗಳಿಗೂ ಮರಗಳ ಬುಡಕ್ಕೂ ಬಿಳಿ ಪಟ್ಟೆ ಬಳಿದರು. ರಾತ್ರಿ ವಾಹನಗಳ ವೇಗಕ್ಕೆ ಗಂಟೆಗೆ 20 ಮೈಲಿಯ ಮಿತಿ ಬಂದದ್ದು ಮಾತ್ರ 1940ರ ಫೆಬ್ರವರಿಯಲ್ಲಿ. ಐದು ತಿಂಗಳು ಬೇಕಾಯಿತು! ದೀಪ ಆರಿಸುವ ಆಜ್ಞೆಗೆ ಒಂದು ರಾತ್ರಿ ಸಾಕಾಗಿತ್ತು.

ನಮ್ಮ ವೃತ್ತಿಯವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಕೈದೀಪಕ್ಕೆ ಬೇಕಾದ ಚಿಕ್ಕ ಬ್ಯಾಟರಿಗಳು ಲಂಡನ್ನಿನ ಅಂಗಡಿಗಳಿಂದ ಮಾಯವಾದವು. ಸಿಕ್ಕಿದಲ್ಲಿ ಸರದಿಯ ಸಾಲು. ಸರಕು ಕಡಿಮೆಯಾದಾಗ ಬಚ್ಚಿಡುವ ಕೈ ಯಾವ ದೇಶದಲ್ಲಿಯೂ ಇದೆ, ಯಾವ ಸಮಾಜದಲ್ಲಿಯೂ ಇದೆ. ಈ ವಿಷಯವನ್ನು ಇಲ್ಲಿಗೆ ಬಿಡುತ್ತೇನೆ. ಇದನ್ನು ಕುರಿತು ಬೇರೆಯೇ ಲೇಖನ ಬರೆಯಬೇಕು.

ನನ್ನ ವಾದಕ್ಕೆ ಒಂದು ಉತ್ತರ ಸಿದ್ಧವಾಗಿಯೇ ಇದೆ, ಬಲ್ಲೆ. 'ಯುದ್ಧವೆಂದರೆ ಯುದ್ಧ. ಬಾಂಬು ಬಿದ್ದಿದ್ದರೆ ಲಕ್ಷಾಂತರ ಜನ ಸಾಯುತ್ತಿದ್ದರು. ಕೆಲವು ಸಾವಿರ ಸಾವು ಅನಿವಾರ್ಯ.' ಈ ಉತ್ತರದಲ್ಲಿ 'ಅನಿವಾರ್ಯ' ಎಂಬ ಪದವು ಎಷ್ಟು ಕೆಲಸ ಮಾಡುತ್ತಿದೆ ನೋಡಿ. ಬೀದಿಯಲ್ಲಿ ಬೆಳಕಿಲ್ಲದಿರುವುದು ಅನಿವಾರ್ಯವಾಗಿದ್ದೀತು. ಅದೂ ಎಲ್ಲ ಕಾಲಕ್ಕೂ ಅಲ್ಲ: 1940ರ ನವೆಂಬರ್ 14ರಂದು ಕವೆಂಟ್ರಿ ನಗರವನ್ನು ಸುಟ್ಟ ವಿಮಾನಗಳು ಬೀದಿದೀಪವನ್ನು ಹುಡುಕಿಕೊಂಡು ಬಂದವಲ್ಲ, ರೇಡಿಯೋ ಕಿರಣಗಳ ದಾರಿ ಹಿಡಿದು ಬಂದವು; ಅಂದು ಬೆಳದಿಂಗಳು ಬೇರೆ. ಆದರೂ ಬೆಳಕಿನ ಅಭಾವವನ್ನು ಒಪ್ಪಿಕೊಳ್ಳೋಣ. ಕತ್ತಲೆಯಲ್ಲಿ ನಡೆಯಲೇಬೇಕಾದವನ ಕಾಲಡಿಗೆ ಏನಿದೆ ಎಂದು ನೋಡದಿರುವುದು ಅನಿವಾರ್ಯವೇ? ಅದು ಪ್ರಮಾದ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಆಯುಧವನ್ನು ಹೇಳುವುದಿಲ್ಲ, ದ್ವೇಷವನ್ನೂ ಮೊದಲು ಹೇಳುವುದಿಲ್ಲ. ಪ್ರಮಾದವನ್ನು ಹೇಳುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ.

ಅನಿವಾರ್ಯಕ್ಕೂ ಪ್ರಮಾದಕ್ಕೂ ಇರುವ ಅಂತರವನ್ನು ಲಂಡನ್ನಿನ ಒಂದೇ ಒಂದು ಮೆಟ್ಟಿಲ ಸಾಲು ಸಾರಿ ಹೇಳುತ್ತದೆ. ನಗರದ ಪೂರ್ವಭಾಗದ ಬೆತ್ನಲ್ ಗ್ರೀನ್ ಎಂಬಲ್ಲಿ, ದುಡಿಯುವ ಜನರ ಬಡಾವಣೆಯಲ್ಲಿ, ಇನ್ನೂ ಪೂರ್ಣವಾಗದ ಭೂಗತ ರೈಲು ನಿಲ್ದಾಣವೊಂದನ್ನು ಆಶ್ರಯಸ್ಥಾನವನ್ನಾಗಿ ಮಾಡಿದ್ದರು. ಸಾವಿರಾರು ಜನರು ರಾತ್ರಿ ಕಳೆಯುವ ಆ ತಾಣಕ್ಕೆ ಒಂದೇ ಪ್ರವೇಶದ್ವಾರ. ಅಲ್ಲಿಂದ 19 ಮೆಟ್ಟಿಲು ಇಳಿದರೆ ಮೊದಲ ತಿರುವು. ಬ್ಲ್ಯಾಕ್‌ಔಟಿನ ನಿಯಮದಂತೆ ಆ ಮೆಟ್ಟಿಲುಗಳಿಗೆ ಇದ್ದದ್ದು 25 ವ್ಯಾಟಿನ ಒಂದು ಬಲ್ಬು; ಅದರ ಮೇಲೂ ಭಾಗಶಃ ಬಣ್ಣ ಬಳಿದಿತ್ತು. ಮೆಟ್ಟಿಲ ನಡುವೆ ಹಿಡಿದುಕೊಳ್ಳಲು ಕಂಬಿಯಿರಲಿಲ್ಲ. ಮೆಟ್ಟಿಲಿನ ಅಂಚಿಗೆ ಬಿಳಿ ಗೆರೆಯಿರಲಿಲ್ಲ. ರಸ್ತೆಯ ಅಂಚುಕಲ್ಲಿಗೆ, ಮರದ ಬುಡಕ್ಕೆ ಬಳಿದ ಬಿಳಿ ಬಣ್ಣವು ಮೂರೂವರೆ ವರ್ಷ ಕಳೆದರೂ ಈ ಮೆಟ್ಟಿಲಿಗೆ ಬಂದು ತಲುಪಿರಲಿಲ್ಲ.

1943ರ ಮಾರ್ಚ್ 3ರ ರಾತ್ರಿ ಎಂಟೂಕಾಲರ ಸುಮಾರಿಗೆ ಸೈರನ್ ಕೂಗಿತು. ಮಳೆಯಾಗಿ ಮೆಟ್ಟಿಲು ಒದ್ದೆಯಾಗಿತ್ತು. ಜನರು ಇಳಿಯುತ್ತಿದ್ದಂತೆ ಹತ್ತಿರದ ವಿಕ್ಟೋರಿಯಾ ಪಾರ್ಕಿನಿಂದ ವಿಮಾನ ನಿರೋಧಕ ರಾಕೆಟ್ಟುಗಳು ಹಾರಿದವು. ಹೊಸ ಅಸ್ತ್ರ, ಯಾರೂ ಕೇಳದಿದ್ದ ಸದ್ದು. ಬಾಂಬೇ ಬಿತ್ತೆಂದು ಹೊರಗಿದ್ದವರು ಒಳಕ್ಕೆ ಒತ್ತಿದರು. ಕೆಳಮೆಟ್ಟಿಲುಗಳ ಬಳಿ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಎಡವಿದಳು. ಅವಳ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ಮೇಲಿನವರಿಗೆ ಕೆಳಗೆ ಏನಾಗಿದೆಯೆಂದು ಕಾಣದು, ಕತ್ತಲೆ. ಅವರು ಇಳಿಯುತ್ತಲೇ ಇದ್ದರು. ಕೆಲವೇ ನಿಮಿಷಗಳಲ್ಲಿ ಸುಮಾರು 300 ಜನರು ಆ ಇಕ್ಕಟ್ಟಿನಲ್ಲಿ ಒಬ್ಬರೊಳಗೊಬ್ಬರು ಸಿಕ್ಕಿಕೊಂಡರು. ಸತ್ತವರು 173 ಮಂದಿ: 27 ಗಂಡಸರು, 84 ಹೆಂಗಸರು, 62 ಮಕ್ಕಳು. ಆ ನಿಲ್ದಾಣದ ಮೇಲೆ ಅಂದು ಒಂದು ಬಾಂಬೂ ಬೀಳಲಿಲ್ಲ.

ಮುಂದಿನದನ್ನು ನಮ್ಮ ಟ್ರಸ್ಟುಗಳ ಪದಾಧಿಕಾರಿಗಳು ಗಮನವಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇನೆ. ಆ ಪ್ರವೇಶದ್ವಾರವು ಅಪಾಯಕಾರಿಯೆಂದು ಸ್ಥಳೀಯ ಪೌರಸಂಸ್ಥೆಯು 1941ರಲ್ಲಿಯೇ ಮೇಲಿನ ಅಧಿಕಾರಿಗಳಿಗೆ ಬರೆದಿತ್ತು. ಗುಂಪು ನುಗ್ಗಿದರೆ ತಡೆಯಲು ದುರ್ಬಲವಾದ ಹಲಗೆಯ ಬದಲು ಗೋಡೆ ಕಟ್ಟಲು ಅನುಮತಿ ಕೇಳಿತ್ತು. ಅಷ್ಟು ಖರ್ಚಿಗೆ ಸಮರ್ಥನೆಯಿಲ್ಲವೆಂದು ಕೋರಿಕೆಯನ್ನು ತಳ್ಳಿಹಾಕಲಾಯಿತು. ದುರಂತವಾದ ಮೇಲೆ ಮ್ಯಾಜಿಸ್ಟ್ರೇಟ್ ಲಾರೆನ್ಸ್ ಡನ್ ಅವರು ವಿಚಾರಣೆ ನಡೆಸಿದರು. ಜನರು ಆ ಸ್ಥಳದಲ್ಲಿ, ಆ ಹೊತ್ತಿನಲ್ಲಿ ಸ್ವನಿಯಂತ್ರಣ ಕಳೆದುಕೊಂಡದ್ದೇ ಮುಖ್ಯ ಕಾರಣವೆಂದು ವರದಿ ಹೇಳಿತು. ಬೆಳಕು, ಕಂಬಿ, ದ್ವಾರಗಳ ಕೊರತೆ ಎರಡನೆಯ ಸಾಲಿಗೆ ಸರಿಯಿತು. ಅಂದರೆ, ಸತ್ತವರೇ ತಮ್ಮ ಸಾವಿಗೆ ಕಾರಣ! ಆ ವರದಿಯನ್ನೂ ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಅವರ ಸರಕಾರವು 1945ರ ಜನವರಿಯವರೆಗೆ ಗುಟ್ಟಾಗಿಟ್ಟಿತು. ಶತ್ರುವಿಗೆ ಉತ್ತೇಜನವಾದೀತೆಂಬುದು ನೆಪ.

ಸತ್ಯವನ್ನು ಮುಚ್ಚಿಟ್ಟ ಜಾಗದಲ್ಲಿ ಏನು ಬೆಳೆಯುತ್ತದೆಂಬುದೂ ಅಲ್ಲಿ ಕಂಡಿತು. ಯೆಹೂದ್ಯರು ಹೆದರಿ ಓಡಿದ್ದರಿಂದಲೇ ಇದಾಯಿತೆಂಬ ಗಾಳಿಮಾತು ಹಬ್ಬಿತು. ಡನ್ ಅವರ ವರದಿಯು ಇದನ್ನು ಶುದ್ಧ ಸುಳ್ಳೆಂದು ಸ್ಪಷ್ಟವಾಗಿ ತಳ್ಳಿಹಾಕಿತ್ತು. ಆದರೆ ಆ ನಿರಾಕರಣೆಯೂ ವರದಿಯೊಂದಿಗೇ ಬೀಗದೊಳಗೆ ಉಳಿಯಿತು; ಗಾಳಿಮಾತು ಮಾತ್ರ ಬೀದಿಯಲ್ಲಿ ಸುತ್ತುತ್ತಿತ್ತು. ಸಂಖ್ಯೆಯಲ್ಲಿ ಅಲ್ಪವಾದ ಸಮಾಜಕ್ಕೆ ಸೇರಿದ ನಾವು ಇದನ್ನು ಎರಡು ಸಲ ಓದಬೇಕು.

ಗಂಡನನ್ನು ಕಳೆದುಕೊಂಡ ಒಬ್ಬ ವಿಧವೆಯು ನ್ಯಾಯಾಲಯಕ್ಕೆ ಹೋದಳು. ಪೌರಸಂಸ್ಥೆಯ ನಿರ್ಲಕ್ಷ್ಯವು ಸಾಬೀತಾಯಿತು. ಗೋಡೆ ಕಟ್ಟಲು ಅನುಮತಿ ಕೇಳಿದ ಸಂಸ್ಥೆಯೇ ಕಟಕಟೆಯಲ್ಲಿ ನಿಂತಿತ್ತೆಂಬುದನ್ನು ಗಮನಿಸಿ. 'ನಾವು ಮೇಲಿನವರಿಗೆ ಬರೆದಿದ್ದೆವು, ಅವರು ಒಪ್ಪಲಿಲ್ಲ' ಎಂಬ ಮಾತಿನಿಂದ ಹೊಣೆ ಇಳಿದುಹೋಗಲಿಲ್ಲ. ಗೋಡೆಗೆ ಅನುಮತಿ ಬೇಕಾಗಿದ್ದೀತು. ಒಂದು ಡಬ್ಬಿ ಬಿಳಿ ಬಣ್ಣಕ್ಕೆ ಯಾರ ಅನುಮತಿ ಬೇಕಿತ್ತು? ದುರಂತವಾದ ಮೇಲೆ ಅಲ್ಲಿ ಕಂಬಿಗಳೂ ಬಂದವು, ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣವೂ ಬಂದಿತು. ಸತ್ತ 173 ಮಂದಿಯ ಪೂರ್ಣ ಸ್ಮಾರಕವು ಎದ್ದದ್ದು 2017ರಲ್ಲಿ, 74 ವರ್ಷಗಳ ಅನಂತರ.

ಲಂಡನ್ನಿನ ಶಿಸ್ತನ್ನು ಹೊಗಳುವ ನಮ್ಮ ಭಾಷಣಕಾರರು ಈ 19 ಮೆಟ್ಟಿಲುಗಳನ್ನು ಎಂದೂ ಇಳಿಯುವುದಿಲ್ಲ. ಆ ಜನರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಕತ್ತಲೆಯಲ್ಲಿ ಅಪರಿಚಿತರ ಕೈಹಿಡಿದು ರಸ್ತೆ ದಾಟಿಸಿದವರು ಅಲ್ಲಿ ಇದ್ದೇ ಇದ್ದರು. 1971ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿದ್ದ ನಮ್ಮ ಹಿರಿಯರೂ ಕಿಟಕಿಗೆ ಕಂದು ಕಾಗದ ಅಂಟಿಸಿ, ವಾಹನದ ದೀಪದ ಮೇಲರ್ಧಕ್ಕೆ ಕಪ್ಪು ಬಳಿದು ಹದಿನಾಲ್ಕು ರಾತ್ರಿಗಳನ್ನು ಸಂಯಮದಿಂದಲೇ ಕಳೆದರು. ಆದರೆ ಪಾಲಿಸಿದವನ ಧೈರ್ಯವನ್ನು ಆಜ್ಞೆ ಹೊರಡಿಸಿದವನ ಖಾತೆಗೆ ಜಮೆ ಮಾಡುವುದು ಸುಳ್ಳು ಲೆಕ್ಕ. ಧೈರ್ಯ ಹೆಚ್ಚಿದಷ್ಟೂ ಹೊಣೆಗಾರನ ಸಾಲ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ.

ನಮ್ಮ ಬಸದಿಗಳಲ್ಲಿ, ಧರ್ಮಶಾಲೆಗಳಲ್ಲಿ, ಕಲ್ಯಾಣಮಂಟಪಗಳ ನೆಲಮಾಳಿಗೆಯ ಊಟದ ಸಭಾಂಗಣಗಳಲ್ಲಿ ಮೆಟ್ಟಿಲುಗಳಿಗೆ ಕೊರತೆಯಿಲ್ಲ. ಹಳೆಯ ಕಲ್ಲಿನ ಮೆಟ್ಟಿಲು, ನುಣುಪಾದ ಗ್ರಾನೈಟು, ನಡುವೆ ಕಂಬಿಯಿಲ್ಲದ ಅಗಲವಾದ ಇಳಿಜಾರು; ಬರುವವರಲ್ಲಿ ಅರ್ಧಕ್ಕರ್ಧ ವೃದ್ಧರು. ಮತ್ತೊಮ್ಮೆ ಅಭ್ಯಾಸದ ಆದೇಶ ಬಂದರೆ, ಅಥವಾ ಅಭ್ಯಾಸವಲ್ಲದ ಆದೇಶವೇ ಬಂದರೆ, 'ಎಲ್ಲ ದೀಪಗಳನ್ನು ಆರಿಸತಕ್ಕದ್ದು' ಎಂಬ ಸುತ್ತೋಲೆಯನ್ನು ಬಾಗಿಲಿಗೆ ಅಂಟಿಸಿ ಕೈತೊಳೆದುಕೊಳ್ಳುವುದು ಸುಲಭ. ಆ ಸುತ್ತೋಲೆಗೆ ಸಹಿ ಹಾಕುವ ಮುನ್ನ ಕಾರ್ಯದರ್ಶಿಗಳು ಒಂದು ಸಂಜೆ ತಾವೇ ದೀಪ ಆರಿಸಿ, ಎಂಬತ್ತರ ಅಜ್ಜಿಯೊಬ್ಬರ ಕೈಹಿಡಿದು, ಮೇಲಿನಿಂದ ಕೆಳಗಿನವರೆಗೆ ಇಳಿದು ನೋಡಲಿ. ಎಲ್ಲಿ ಕಾಲು ತಡವರಿಸಿತೋ ಅಲ್ಲಿ ಮರುದಿನವೇ ಬಿಳಿ ಗೆರೆ ಎಳೆಸಲಿ, ಅಗಲದ ಮೆಟ್ಟಿಲಿಗೆ ನಡುಕಂಬಿ ಹಾಕಿಸಲಿ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮರೆಮಾಡಿದ ಸಣ್ಣ ದೀಪಕ್ಕೆ ಏರ್ಪಾಡಾಗಲಿ, ಮೆಟ್ಟಿಲ ತಲೆಯಲ್ಲಿ ನಿಂತು ಜನರನ್ನು ತಡೆದು ತಡೆದು ಬಿಡಲು ಒಬ್ಬನನ್ನು ಹೆಸರು ಹೇಳಿ ನೇಮಿಸಲಿ. ಸ್ಥಳೀಯ ಅಧಿಕಾರಿಗಳ ಅನುಮತಿ ಬೇಕಾದಲ್ಲಿ ಪತ್ರ ಬರೆಯಲಿ. ಉತ್ತರ ಬರುವವರೆಗೆ ಸುಣ್ಣದ ಕುಂಚವನ್ನು ಕೆಳಗಿಡದಿರಲಿ.

ಬಹುತೇಕ ಟ್ರಸ್ಟುಗಳ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಬಣ್ಣ-ಸುಣ್ಣದ ಖರ್ಚಿಗೆಂದು ಒಂದು ಬಾಬು ಇದ್ದೇ ಇರುತ್ತದೆ, ಮತ್ತು ಅದು ಗೋಪುರಕ್ಕೂ ಮಹಾದ್ವಾರಕ್ಕೂ ಮುಗಿದುಹೋಗುತ್ತದೆ. ಈ ಸಲದ ಸಭೆಯಲ್ಲಿ ಸದಸ್ಯರು ಎದ್ದುನಿಂತು, ಅದರಲ್ಲಿ ಮೆಟ್ಟಿಲುಗಳ ಪಾಲು ಎಷ್ಟೆಂದು ಕೇಳಬೇಕು. ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.