ಮಗುವಿನ ವಯಸ್ಸನ್ನು ಕದಿಯುವ ಹಿರಿಯರು

ಶಾಲಾ ಕ್ರೀಡಾಕೂಟಗಳ ಕಾಲ ಬಂತೆಂದರೆ ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಮಕ್ಕಳ ಓಡಾಟ ಆರಂಭವಾಗುತ್ತದೆ. ಮೈದಾನದ ಅಂಚಿನಲ್ಲಿ ಹಿರಿಯರ ಕೂಗಾಟ, ತೀರ್ಪುಗಾರರ ಮೇಲೆ ಬೈಗುಳ, ಸೋತು ಬಂದ ಬಾಲಕನಿಗೆ ಎಲ್ಲರೆದುರು ಬೀಳುವ ಪೆಟ್ಟು – ಇವನ್ನು ಕಂಡವರು ಬಹಳ ಮಂದಿ, ಖಂಡಿಸಿದವರೂ ಉಂಟು. ಆದರೆ ಕೂಗಾಟವಿಲ್ಲದೆ, ಪೆಟ್ಟಿಲ್ಲದೆ, ಪ್ರೀತಿಯ ಹೆಸರಿನಲ್ಲೇ ನಡೆದುಹೋಗುವ ಅನ್ಯಾಯವೊಂದಿದೆ. ಅದು ಮಗುವಿನ ಜನ್ಮದಿನಾಂಕವನ್ನು ತಿದ್ದುವುದು. ಇದನ್ನು ಕುರಿತು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಏಕೆಂದರೆ ಈ ತಿದ್ದುವಿಕೆಗೆ ಒದಗಬಹುದಾದ ಕಾಗದಗಳಲ್ಲೊಂದು ನಮ್ಮ ದೇವಾಲಯಗಳ ಕಪಾಟಿನಲ್ಲಿದೆ.

ಶಾಲಾ ಕ್ರೀಡೆಗಳಲ್ಲಿ 14, 17, 19 ವರ್ಷದೊಳಗಿನವರೆಂಬ ವಿಭಾಗಗಳಿವೆ. ಎಳೆಯ ದೇಹವು ಬಲಿತ ದೇಹದೊಡನೆ ಸೆಣಸಬಾರದೆಂಬ ನ್ಯಾಯಬುದ್ಧಿಯೇ ಈ ವಿಂಗಡಣೆಯ ಮೂಲ. 16ರ ಹುಡುಗನನ್ನು ಕಾಗದದ ಮೇಲೆ 13ಕ್ಕೆ ಇಳಿಸಿದರೆ ಎತ್ತರದಲ್ಲಿ, ತೋಳ್ಬಲದಲ್ಲಿ ಅವನು ಸಹಜವಾಗಿಯೇ ಮಿಕ್ಕವರನ್ನು ಮೀರಿಸುತ್ತಾನೆ. ಪದಕ ಬರುತ್ತದೆ, ಪ್ರಮಾಣಪತ್ರ ಬರುತ್ತದೆ, ಮುಂದೆ ಕ್ರೀಡಾ ಕೋಟಾದ ನೌಕರಿಯ ಆಸೆಯೂ ಚಿಗುರುತ್ತದೆ. ಇದು ಹುಡುಗನ ಉಪಾಯವೇ? ಅಲ್ಲ. ಕಚೇರಿಗಳಿಗೆ ಅಲೆದು ಜನನ ಪ್ರಮಾಣಪತ್ರ ಮಾಡಿಸುವ ವಯಸ್ಸು ಅವನದಲ್ಲ. ತಂದೆಯೋ, ತರಬೇತುದಾರರೋ, ಕೆಲವೊಮ್ಮೆ ಶಾಲೆಯ ಕೀರ್ತಿಗೆ ಹಾತೊರೆಯುವ ಶಿಕ್ಷಕರೋ ಮಾಡುವ ಕೆಲಸವಿದು.

ಈ ಸತ್ಯವನ್ನು ದೇಶದ ಮುಂದೆ ನಿಸ್ಸಂಕೋಚವಾಗಿ ನುಡಿದವರಲ್ಲಿ ರಾಹುಲ್ ದ್ರಾವಿಡ್ ಒಬ್ಬರು. ಬೆಂಗಳೂರಿನವರೇ ಆದ ಅವರು ನಮ್ಮ ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯ ವಿದ್ಯಾರ್ಥಿ. 2015ರ ಡಿಸೆಂಬರ್ 1ರಂದು ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದಾಗ ಅವರು 19 ವರ್ಷದೊಳಗಿನವರ ಭಾರತ ತಂಡದ ತರಬೇತುದಾರರಾಗಿದ್ದರು. ಅಂದು ಅವರು ಆಟದ ತಂತ್ರಗಳಿಗಿಂತ ಈ ವಯಸ್ಸಿನ ವಂಚನೆಯ ಮೇಲೆಯೇ ಬೊಟ್ಟುಮಾಡಿದರು. ತನ್ನ ತಂದೆತಾಯಿ ಮತ್ತು ಗುರುವೇ ಸುಳ್ಳು ಪತ್ರ ಸೃಷ್ಟಿಸುವುದನ್ನು ಕಂಡ ಬಾಲಕ ಮುಂದೆ ಬೆಳೆದು ಪಂದ್ಯವನ್ನೇ ಮಾರಿಕೊಂಡರೆ ಅಚ್ಚರಿಯೇನು ಎಂಬುದು ಅವರ ಪ್ರಶ್ನೆಯ ತಿರುಳು. ವಯಸ್ಸಿನ ಬಲದಿಂದ ಆಯ್ಕೆಯಾದ ಹುಡುಗನಿಂದಾಗಿ ನಿಜವಾದ ಪ್ರತಿಭೆಯೊಂದು ಹೊರಗುಳಿಯುತ್ತದೆ ಎಂಬುದನ್ನೂ ಅವರು ಮರೆಯಲಿಲ್ಲ.

"ಇದರಿಂದ ಯಾರಿಗೇನು ನಷ್ಟ, ಫಾದರ್? ಮಗುವಿಗೆ ಒಳ್ಳೆಯದಾಗಲಿ ಎಂದು ತಾನೇ?" ಎಂಬ ಮಾತನ್ನು ನಾವು ಧರ್ಮಕೇಂದ್ರದ ಕಚೇರಿಯಲ್ಲಿ ಕೇಳಿದ್ದೇವೆ. ಕೇಳಿದವರು ದುಷ್ಟರಲ್ಲ. ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದ ಸುತ್ತ ಬಾಡಿಗೆ ಮನೆಗಳಲ್ಲಿದ್ದುಕೊಂಡು, ಪಾಳಿಯ ಮೇಲೆ ಪಾಳಿ ದುಡಿದು ಮಕ್ಕಳನ್ನು ಓದಿಸುವ ಜನ. ಮಗನ ಕಾಲಿನ ಓಟದಲ್ಲಿ ಇಡೀ ಮನೆಯ ಬಿಡುಗಡೆಯನ್ನು ಕಾಣುವವರು. ಅವರ ಪ್ರಶ್ನೆಗೆ ಬೈಗುಳ ಉತ್ತರವಾಗಲಾರದು.

ಸಂತ ಥಾಮಸ್ ಅಕ್ವಿನಾಸರು ಸುಳ್ಳನ್ನು ವಿನೋದದ ಸುಳ್ಳು, ಉಪಕಾರದ ಸುಳ್ಳು, ಕೇಡಿನ ಸುಳ್ಳು ಎಂದು ಮೂರಾಗಿ ವಿಂಗಡಿಸಿದ್ದಾರೆ. ಮೂರೂ ಸುಳ್ಳೇ ಆದರೂ ಮೂರರ ತೂಕ ಒಂದೇ ಅಲ್ಲ. ಜನ್ಮದಿನಾಂಕ ತಿದ್ದುವ ತಂದೆ ತನ್ನದು ಉಪಕಾರದ ಸುಳ್ಳೆಂದು ನಂಬಿರುತ್ತಾನೆ. ಒಂದು ಕಬಡ್ಡಿ ತಂಡಕ್ಕೆ ಆರಿಸುವುದು 12 ಮಂದಿಯನ್ನು. ಅಂಕಣಕ್ಕೆ ಇಳಿಯುವವರು 7 ಮಂದಿ. ಆ 12ರಲ್ಲಿ ಒಂದು ಸ್ಥಾನವನ್ನು 16ರವನು ಹಿಡಿದರೆ 13ರ ಹುಡುಗನೊಬ್ಬ ಮನೆಗೆ ಮರಳುತ್ತಾನೆ. ತಾನು ಅಸಮರ್ಥನೆಂದೇ ತಿಳಿದು ಮರಳುತ್ತಾನೆ. ಅವನಿಗೂ ಪಾಳಿ ದುಡಿಯುವ ತಾಯಿ ಇದ್ದಾಳು. ಅಲ್ಲಿಗೆ ಅದು ಕೇಡಿನ ಸುಳ್ಳಾಯಿತು. ನಿಯಮಕ್ಕೆ ಅನುಸಾರವಾಗಿ ಸ್ಪರ್ಧಿಸದವನಿಗೆ ಜಯಮಾಲೆ ಇಲ್ಲವೆಂದು ಸಂತ ಪೌಲರು ತಿಮೊಥೇಯನಿಗೆ ಬರೆದದ್ದು ಪಂದ್ಯವಾಡುವವರ ದೃಷ್ಟಾಂತದಿಂದಲೇ. ಇನ್ನು ಉಪಕಾರ ಪಡೆದವನ ಗತಿ? ಬಲದಿಂದಲೇ ಗೆದ್ದವನು ಕೌಶಲ ಕಲಿಯುವುದಿಲ್ಲ; ಸಮವಯಸ್ಕರು ಬೆಳೆದು ನಿಂತಾಗ ಅವನ ಬಂಡವಾಳ ಮುಗಿದಿರುತ್ತದೆ.

ಬಯಲಾದಾಗ ದಂಡ ತೆರುವವರು ಯಾರು ಎಂಬುದು ನಮ್ಮನ್ನು ಬಹುವಾಗಿ ಕಾಡುವ ಪ್ರಶ್ನೆ. 2001ರಲ್ಲಿ ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್ ವಿಶ್ವ ಸರಣಿಯಲ್ಲಿ ಡ್ಯಾನಿ ಅಲ್ಮಾಂಟೆ ಎಂಬ ಬಾಲಕ ತನ್ನ ಎಸೆತಗಳಿಂದ ದೇಶವನ್ನೇ ಬೆರಗುಗೊಳಿಸಿದ. ಅಲ್ಲಿ ವಯೋಮಿತಿ 12. ಆತನಿಗೆ ಆಗಲೇ 14 ತುಂಬಿತ್ತೆಂಬುದು ಡೊಮಿನಿಕನ್ ಗಣರಾಜ್ಯದ ದಾಖಲೆಗಳಿಂದ ಹೊರಬಿತ್ತು. ನ್ಯೂಯಾರ್ಕಿನಲ್ಲಿ ಅವನನ್ನು ಶಾಲೆಗೂ ಕಳುಹಿಸಿರಲಿಲ್ಲ. ತಂಡದ ಗೆಲುವುಗಳೆಲ್ಲ ರದ್ದಾದವು. ಆದರೆ ಆಜೀವ ನಿಷೇಧ ಬಿದ್ದದ್ದು ತಂದೆಯ ಮೇಲೆ ಮತ್ತು ತಂಡ ಕಟ್ಟಿದವರ ಮೇಲೆ. ಬಾಲಕನನ್ನು ಯಾರೂ ಅಪರಾಧಿಯೆಂದು ಕರೆಯಲಿಲ್ಲ. ನಮ್ಮಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯು 2020ರಲ್ಲಿ, ತಾವಾಗಿಯೇ ನಿಜ ಒಪ್ಪಿಕೊಂಡ ಆಟಗಾರರನ್ನು ಅಮಾನತುಗೊಳಿಸದೆ ಅವರವರ ವಯಸ್ಸಿನ ವಿಭಾಗದಲ್ಲೇ ಆಡಲು ಬಿಡುವ ಯೋಜನೆ ತಂದಿತು. ಅದು ಮೆಚ್ಚತಕ್ಕದ್ದು. ಒಪ್ಪಿಕೊಳ್ಳದೆ ಸಿಕ್ಕಿಬಿದ್ದರೆ ಎರಡು ವರ್ಷಗಳ ನಿಷೇಧ. ಆ ಬಳಿಕವೂ ವಯೋಮಿತಿಯ ಪಂದ್ಯಗಳಿಗೆ ಪ್ರವೇಶವಿಲ್ಲ. ಕಠಿಣವೇ ಸರಿ, ಅಗತ್ಯವೂ ಇದ್ದೀತು. ಆದರೂ ಏಟು ಬೀಳುವುದು ಹುಡುಗನ ಬೆನ್ನಿಗೆ. ಲೇಖನಿ ಹಿಡಿದ ಕೈ ಹಾಗೆಯೇ ಉಳಿಯುತ್ತದೆ.

ಹಿರಿಯರ ಸುಳ್ಳಿನಿಂದಾಗಿ ಪ್ರಾಮಾಣಿಕ ಮಕ್ಕಳ ಮಾತಿಗೂ ಬೆಲೆಯಿಲ್ಲದಂತಾಗಿದೆ. ಕಾಗದವನ್ನು ನಂಬಲಾಗದೆಂದು ಕ್ರಿಕೆಟ್ ಮಂಡಳಿ ಕಿರಿಯ ಆಟಗಾರರ ಮಣಿಕಟ್ಟಿನ ಕ್ಷ-ಕಿರಣ ತೆಗೆಸಿ ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜಿಸುತ್ತದೆ. ಮೂಳೆ ಅಂದಾಜು ಹೇಳೀತೇ ವಿನಾ ಹುಟ್ಟಿದ ದಿನವನ್ನಲ್ಲ. ಅನುಮಾನ ಒಮ್ಮೆ ಹುಟ್ಟಿದರೆ ಎಷ್ಟು ದೂರ ಬೆನ್ನಟ್ಟುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿ ಪಳಗಿದ ಬ್ಯಾಡ್ಮಿಂಟನ್ ಪಟು ಲಕ್ಷ್ಯ ಸೇನ್ ಸಾಕ್ಷಿ. ಜನನ ದಾಖಲೆ ತಿದ್ದಲಾಗಿದೆಯೆಂದು ಅವರ ಮೇಲೂ, ಅಣ್ಣ, ತಂದೆತಾಯಿ ಹಾಗೂ ತರಬೇತುದಾರರ ಮೇಲೂ 2022ರಲ್ಲಿ ಬೆಂಗಳೂರಿನಲ್ಲಿ ಪ್ರಕರಣ ದಾಖಲಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾಗಿ ನಿಂತಾಗಲೂ ಅದು ಬಗೆಹರಿದಿರಲಿಲ್ಲ. ಕೊನೆಗೆ 2025ರ ಜುಲೈ 28ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನೇ ರದ್ದುಗೊಳಿಸಿತು. ಆದ್ದರಿಂದ, ಚೆನ್ನಾಗಿ ಆಡುವ ಪರರ ಮಗುವಿನ ಮೇಲೆ ಮೈದಾನದಲ್ಲಿ ಬಾಯಿಗೆ ಬಂದಂತೆ ವಯಸ್ಸಿನ ಆರೋಪ ಹೊರಿಸುವುದೂ ಹಿರಿಯರಿಗೆ ಶೋಭೆಯಲ್ಲ.

ನಮ್ಮ ಹಿರಿಯ ತಲೆಮಾರಿನಲ್ಲಿ ಎಷ್ಟೋ ಮಂದಿ ಜೂನ್ 1ರಂದೇ ಹುಟ್ಟಿದವರು! ಶಾಲೆಗೆ ಸೇರಿಸಲು ಬಂದ ತಾಯಿಗೆ ತಾರೀಖು ತಿಳಿಯದೆ, ಮೇಷ್ಟ್ರು ತಮಗೆ ತೋಚಿದಂತೆ ಬರೆದುಕೊಂಡದ್ದು ಅದು. ಅಲ್ಲಿ ಅಜ್ಞಾನವಿತ್ತು, ಆಸೆಬುರುಕತನವಿರಲಿಲ್ಲ. ಆ ಕಾಲದಲ್ಲಿಯೂ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದಲ್ಲಿ ದಿನಾಂಕ ಕಾಣಸಿಗುತ್ತಿತ್ತು; ಅನೇಕರಿಗೆ ಅದೇ ಹುಟ್ಟಿನ ಪುರಾವೆಯಾಯಿತು. ಮಗುವಿನ ಹೆಸರು, ತಂದೆತಾಯಿ, ಜ್ಞಾನಪೋಷಕರ ಹೆಸರುಗಳೊಂದಿಗೆ ಹುಟ್ಟಿದ ದಿನ ಮತ್ತು ಸ್ಥಳವನ್ನು ತಡಮಾಡದೆ ದಾಖಲಿಸಬೇಕೆಂಬುದು ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ವಿಧಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಸರ್ಕಾರದ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಪುರಾವೆಯೆಂದು ತಿದ್ದುಪಡಿಯಾದ ಕಾಯಿದೆ ಹೇಳುತ್ತದೆ. ಆದರೆ ಇಂದು ಮೈದಾನದಲ್ಲಿರುವ ಮಕ್ಕಳೆಲ್ಲ ಅದಕ್ಕೆ ಮುಂಚೆ ಹುಟ್ಟಿದವರು. ಅವರ ಪಾಲಿಗೆ ನಮ್ಮ ಪುಸ್ತಕ ಇನ್ನೂ ಸಾಕ್ಷಿಯೇ. ಆ ಪುಟದಲ್ಲಿರುವುದು ಮಗು ದೇವರ ಕುಟುಂಬಕ್ಕೆ ಸೇರಿದ ದಿನದ ದಾಖಲೆ. ಅದನ್ನು ಅಳಿಸಿ ಬರೆಯುವ ಅಧಿಕಾರ ಯಾವ ಗುರುವಿಗೂ ಇಲ್ಲ, ಕೇಳಿದವರು ಎಷ್ಟೇ ಬೇಕಾದವರಾಗಿರಲಿ.

ನಿಜವಾಗಿಯೇ ತಪ್ಪು ನುಸುಳಿರುವ ಪ್ರಸಂಗಗಳೂ ಇವೆ. ಶಾಲೆಯ ದಾಖಲೆಗೂ ಜ್ಞಾನಸ್ನಾನದ ದಾಖಲೆಗೂ ತಾಳೆಯಾಗದಿದ್ದರೆ, ಆಸ್ಪತ್ರೆಯ ಕಾಗದವನ್ನೂ ಜನನ ಪ್ರಮಾಣಪತ್ರವನ್ನೂ ತೆಗೆದುಕೊಂಡು, ಕ್ರೀಡಾಕೂಟಕ್ಕೆ ಹೆಸರು ಕೊಡುವ ಮುನ್ನವೇ ನಿಮ್ಮ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿರಿ. ಈಗಾಗಲೇ ಸುಳ್ಳು ದಿನಾಂಕದಲ್ಲಿ ಮಗುವನ್ನು ಆಡಿಸುತ್ತಿರುವವರೂ ಬರಬಹುದು, ದಾರಿ ಹುಡುಕೋಣ. ಆದರೆ ಮೊದಲ ಸಲ ಬರುವಾಗ ಮಗುವನ್ನು ಜತೆಗೆ ಕರೆತರುವುದು ಬೇಡ. ತಂದೆತಾಯಿ ಇಬ್ಬರೇ ಬನ್ನಿರಿ.